ಗೇರ್‌ಬಾಕ್ಸ್ ಬದಲಿಸುವುದೋ, ಗಾಡಿಯನ್ನೇ ಬದಲಿಸುವುದೋ

ಅಕ್ಕನ ಮಗ ಜೆ.ಪಿ. ನಗರದ ಆರನೇ ಫೇಸಿನಲ್ಲಿದ್ದಾನೆ. ಮೂರು ವರ್ಷದ ಹಿಂದೆ ಹಟ ಹಿಡಿದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದನ್ನು ಕೊಂಡ. 2005ರ ಗಾಡಿ. ಕೆಎ-05 ನಂಬರು, ಅಂದರೆ ನಮ್ಮ ಜಯನಗರದ ಆರ್‌ಟಿಒದಲ್ಲೇ ನೋಂದಣಿಯಾದದ್ದು. ನೋಡುವುದಕ್ಕೆ ಸಾಧಾರಣ ಸೆಡಾನ್. ಆದರೆ ಬಾನೆಟ್ಟಿನ ಕೆಳಗೆ 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಪಿಎಸ್ ಶಕ್ತಿ. 2004ರಲ್ಲಿ ಅದು ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಾಗ ಅಂಥ ಶಕ್ತಿಯ ಗಾಡಿ ಆ ಬೆಲೆಗೆ ಸಿಗುವುದು ಅಪರೂಪವಾಗಿತ್ತು. ಎರಡು ಸೀಟಿನ, ನೆಲಕ್ಕಂಟಿದ ಸ್ಪೋರ್ಟ್ಸ್ ಕಾರುಗಳನ್ನು ನಾವು ಸಿನಿಮಾದಲ್ಲಿ ನೋಡಿದವರು. ಅಮ್ಮ, ಅಪ್ಪ, ಮಕ್ಕಳು, ಹಿಂದೆ ಡಿಕ್ಕಿಯಲ್ಲಿ ಅಕ್ಕಿ ಮೂಟೆ ಎಲ್ಲ ಹಿಡಿಸಿಕೊಂಡು, ಬೇಕೆಂದಾಗ ಹಾರುವ ಇಂಥ ಗಾಡಿಗಳೇ ದಕ್ಷಿಣ ಬೆಂಗಳೂರಿನ ಮಧ್ಯಮ ವರ್ಗಕ್ಕೆ ದಕ್ಕಿದ ಸ್ಪೋರ್ಟ್ಸ್ ಕಾರುಗಳು.

ಒಂದು ಭಾನುವಾರ ಬೆಳಿಗ್ಗೆ ಅದರಲ್ಲೇ ನನ್ನನ್ನು ಕೂರಿಸಿಕೊಂಡು ಹೊರಟ. ಸೌತ್ ಎಂಡ್ ಸರ್ಕಲ್ಲಿನ ಹತ್ತಿರ ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ‘ಕರಕ್’ ಅಂತ ಸದ್ದು ಬಂತು. ಹಲ್ಲು ಕಡಿದ ಸದ್ದು. ಅವನು ಮುಖ ಸಿಂಡರಿಸಿದ.

“ನೋಡಿದ್ರಾ ಮಾವ? ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಇನ್ನೂ ಜೋರು. ಗೇರ್‌ಬಾಕ್ಸ್ ಮುಗೀತು ಅಂತಾರೆ. ಹೊರಗಡೆಯಿಂದ ಆರು ಗೇರಿನ ಬಾಕ್ಸ್ ತರಿಸಿ ಹಾಕಿಸ್ಲಾ, ಇಲ್ಲ ಇದನ್ನ ಕೊಟ್ಟು ಹೊಸ ಗಾಡೀನೇ ತಗೊಂಡ್ಬಿಡ್ಲಾ?”

ಈ ಪ್ರಶ್ನೆ ಅವನೊಬ್ಬನದಲ್ಲ. ಬನಶಂಕರಿಯಲ್ಲಿ, ಬಿಟಿಎಂ ಲೇಔಟಿನಲ್ಲಿ, ಜಯನಗರದ ಒಳರಸ್ತೆಗಳ ಹೊಂಗೆ ಮರದ ಕೆಳಗೆ ಕವರ್ ಹೊದ್ದು ನಿಂತ ಹಳೆಯ ಜಿಪ್ಸಿ, ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೊ ಇಟ್ಟುಕೊಂಡ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆಯುತ್ತಿರುತ್ತದೆ. ಅವನ ಗಾಡಿಯಿಂದ ಬಂದ ಸದ್ದಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಅದು ಕಂಪನಿಯ ತಪ್ಪಲ್ಲ. ಇಪ್ಪತ್ತು ವರ್ಷ, ಮೂವರು ಮಾಲೀಕರ ಕೈ, ಈ ಊರಿನ ಸಿಗ್ನಲ್ಲುಗಳು ಎಲ್ಲ ಸೇರಿ ಮಾಡಿದ ಸವೆತ. ಸವೆದದ್ದನ್ನು ಸರಿ ಮಾಡಬಹುದು. ಅದನ್ನು ಕಿತ್ತು ಇನ್ನೂ ಮೇಲಿನ ದರ್ಜೆಯದನ್ನು ಹಾಕಬೇಕೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಆ ಪೆಟ್ಟಿಗೆ ಮಾಡುವ ಕೆಲಸವೇನು ಎಂಬುದನ್ನು ತಿಳಿದುಕೊಳ್ಳಬೇಕು.

ಎಂಜಿನ್ ಒಂದು ವಿಚಿತ್ರ ಯಂತ್ರ. ನಿಮಿಷಕ್ಕೆ ಇಂತಿಷ್ಟು ಸುತ್ತು ತಿರುಗುವಾಗ ಮಾತ್ರ ಅದರ ಪೂರ್ಣ ಬಲ ಹೊರಬರುತ್ತದೆ. ಅದಕ್ಕಿಂತ ಕೆಳಗೆ ಏದುಸಿರು, ಅದಕ್ಕಿಂತ ಮೇಲೆ ಬರಿಯ ಗದ್ದಲ. ರಸ್ತೆಯೋ ಅದರ ಮಾತು ಕೇಳುವುದಿಲ್ಲ. ನಂದಿ ಬೆಟ್ಟದ ತಿರುವಿನಲ್ಲಿ ಒಂದು ವೇಗ, ಕನಕಪುರ ರಸ್ತೆಯಲ್ಲಿ ಇನ್ನೊಂದು. ಎರಡನ್ನೂ ಹೊಂದಿಸುವ ದಲ್ಲಾಳಿಯೇ ಗೇರ್‌ಬಾಕ್ಸ್. ಗೇರಿನ ಸೈಕಲ್ ತುಳಿದವರಿಗೆ ಇದು ಕಾಲಿಗೇ ಗೊತ್ತು. ಏರಿನಲ್ಲಿ ಹಗುರ ಗೇರು ಹಾಕಿದರೆ ಕಾಲು ಹೆಚ್ಚು ಸುತ್ತಬೇಕು, ಆದರೆ ಮಂಡಿ ನೋಯುವುದಿಲ್ಲ.

ಹಾಗಾದರೆ ಗೇರು ಹೆಚ್ಚಿದ್ದಷ್ಟೂ ಒಳ್ಳೆಯದೇ? ಅದು ಎಂಜಿನ್ನಿನ ಸ್ವಭಾವದ ಮೇಲೆ ನಿಂತಿದೆ. ಇದನ್ನು ಬೆಂಗಳೂರಿನವರಿಗೆ ತಿಳಿಸಲು ಯಮಾಹಾ ಆರ್‌ಎಕ್ಸ್ 100ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 1985ರಲ್ಲಿ ನಮ್ಮ ರಸ್ತೆಗೆ ಇಳಿದು 1996ರವರೆಗೆ ತಯಾರಾದ ಈ ಬೈಕಿನದು 98 ಸಿಸಿಯ ಪುಟ್ಟ ಟು-ಸ್ಟ್ರೋಕ್ ಎಂಜಿನ್. 11 ಹಾರ್ಸ್‌ಪವರ್, ಅದೂ 7,500 ಸುತ್ತಿನ ಹತ್ತಿರ ಹೋದಾಗ. ಕೆಳಗಿನ ಸುತ್ತುಗಳಲ್ಲಿ ಸಾಧು, ಮೇಲೆ ಹೋದಂತೆ ಚಿರತೆ. ಇದ್ದದ್ದು ನಾಲ್ಕೇ ಗೇರು. ಗೇರು ಏರಿಸಿದಾಗಲೆಲ್ಲ ಸುತ್ತು ದಡಕ್ಕನೆ ಇಳಿದು, ಎಂಜಿನ್ ಆ ಬಲದ ಪಟ್ಟಿಯಿಂದ ಹೊರಗೆ ಬಿದ್ದು, ಮತ್ತೆ ಏರುವವರೆಗೆ ಕಾಯಬೇಕಿತ್ತು. 1990ರ ದಶಕದ ಕೊನೆಗೆ ಅದೇ ಮನೆತನದ ಆರ್‌ಎಕ್ಸ್ 135ಕ್ಕೆ ಕಂಪನಿಯೇ ಐದು ಗೇರು ಕೊಟ್ಟಿತು. ಗೇರುಗಳ ನಡುವಿನ ಅಂತರ ಕಡಿಮೆಯಾಯಿತು, ಎಂಜಿನ್ ಬಲದ ಪಟ್ಟಿಯಲ್ಲೇ ಉಳಿಯತೊಡಗಿತು. ಜೆ.ಸಿ. ರಸ್ತೆಯ ಸುತ್ತಮುತ್ತಲ ಮೆಕ್ಯಾನಿಕ್‌ಗಳಿಗೆ ಇದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಆರ್‌ಎಕ್ಸ್ 100ರ ಹೊಟ್ಟೆಯೊಳಗೆ 135ರ ಐದು ಗೇರು ಕೂರಿಸುವ ಕೆಲಸ ಈ ಊರಿನ ಗ್ಯಾರೇಜುಗಳಲ್ಲಿ ಒಂದು ಕಸುಬೇ ಆಗಿಹೋಯಿತು.

ನಾನೂ ಮಾಡಿಸಿದೆ. ನನ್ನದು 1991ರ ಬೈಕು. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಬನಶಂಕರಿ ದೇವಸ್ಥಾನದವರೆಗೆ ಅದನ್ನು ಓಡಿಸಿದ ಮೊದಲ ಸಂಜೆ ಇವತ್ತಿಗೂ ಕಿವಿಯಲ್ಲಿದೆ. ಗೇರಿನಿಂದ ಗೇರಿಗೆ ಸದ್ದು ಕಡಿಯದೆ, ಒಂದೇ ಉಸಿರಿನ ಹಾಡಿನಂತೆ ಏರುತ್ತಿತ್ತು. ಅಪ್‌ಗ್ರೇಡ್ ಅನ್ನುವುದಕ್ಕೆ ಅರ್ಥ ಬರುವುದು ಹೀಗೆ. ಎಂಜಿನ್ನಿಗೆ ನಿಜಕ್ಕೂ ಕೊರತೆಯಿತ್ತು, ಆ ಕೊರತೆಯನ್ನು ತುಂಬುವ ಭಾಗ ಅದೇ ಮನೆಯಲ್ಲಿ ತಯಾರಾಗಿತ್ತು, ಅದು ಇದೇ ಊರಿನ ಅಂಗಡಿಯಲ್ಲಿ ಸಿಗುತ್ತಿತ್ತು, ಜೋಡಿಸಬಲ್ಲ ಕೈಗಳೂ ಇದ್ದವು. ನಾಲ್ಕು ಹೊಳೆಗಳೂ ಒಂದೇ ಕಡೆ ಕೂಡಿದವು. ಮಾರುತಿ ಜಿಪ್ಸಿಯ ಕಥೆಯೂ ಅದೇ. 1985ರ ಜಿಪ್ಸಿಗೆ ನಾಲ್ಕು ಗೇರು, 1996ರ ಜಿಪ್ಸಿ ಕಿಂಗ್‌ಗೆ ಐದು. ಹಳೆಯ ಜಿಪ್ಸಿಯವರು ಕಿಂಗ್‌ನ ಬಾಕ್ಸಿನ ಮೇಲೆ ಕಣ್ಣಿಟ್ಟದ್ದು ಸಹಜವೇ.

ಆದರೆ ಆ ಬೈಕೇ ನನಗೆ ಇನ್ನೊಂದು ಪಾಠವನ್ನೂ ಕಲಿಸಿತು. ಕೆಲವರು ಹಳೆಯ ಕ್ರ್ಯಾಂಕ್‌ಕೇಸಿನಲ್ಲೇ ಲೇತ್ ಕೆಲಸ ಮಾಡಿಸಿ ಐದನೇ ಗೇರಿಗೆ ಜಾಗ ಮಾಡುತ್ತಾರೆ, ಕೆಲವರು ಕೇಸನ್ನೇ ಬದಲಿಸುತ್ತಾರೆ. ನನಗೆ ಕೆಲಸ ಮಾಡಿಕೊಟ್ಟ ಗ್ಯಾರೇಜಿನವರು ಕೇಸನ್ನೇ ಬದಲಿಸಿದ್ದರು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದ ದಿನ ಅದು ಗೊತ್ತಾಯಿತು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಪ್ರಿಂಟ್ ತೆಗೆಯುತ್ತಾರಲ್ಲ, ಆ ಕಾಗದದಲ್ಲಿ ಮೂಡಿದ ಎಂಜಿನ್ ನಂಬರು ನನ್ನ ಆರ್‌ಸಿಯಲ್ಲಿದ್ದುದಲ್ಲ. ಬೈಕಿನ ಎಂಜಿನ್ ನಂಬರು ಇರುವುದೇ ಕ್ರ್ಯಾಂಕ್‌ಕೇಸಿನ ಮೇಲೆ. ಯಾವುದೋ ಗುಜರಿಯಿಂದ ಬಂದ, ಯಾರದೋ ಬೈಕಿನ ನಂಬರು ನನ್ನ ಗಾಡಿಯ ಹೊಟ್ಟೆಯಲ್ಲಿತ್ತು. ಅದು ಕದ್ದ ಬೈಕಿನದಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಗ್ಯಾರೇಜಿನಿಂದ ವಾಪಸು ಬಂದಿದ್ದ ಹಳೆಯ ಸಾಮಾನನ್ನೆಲ್ಲ ಅಮ್ಮ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಡಿಸಿದ್ದಳು, ಹಳೆಯ ಕೇಸೂ ಅದರಲ್ಲಿತ್ತು. ಅದು ಇದ್ದದ್ದಕ್ಕೆ ಬದುಕಿದೆ. ಮತ್ತೆ ನಾಲ್ಕು ಗೇರಿಗೆ ಬಂದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಈ ಕೆಲಸಕ್ಕೆ ಕೈ ಹಾಕುವ ಮೊದಲೇ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿಯಲ್ಲಿರುವ ವಿವರ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕಾರಿನ ಗೇರ್‌ಬಾಕ್ಸಿಗೆ ಆರ್‌ಸಿಯಲ್ಲಿ ಪ್ರತ್ಯೇಕ ನಂಬರಿಲ್ಲ, ಅದು ನಿಜ. ಹಾಗೆಂದು ಅದು ಯಾರಿಗೂ ಕಾಣದ ಬದಲಾವಣೆ ಎಂದು ತಿಳಿಯಬೇಡಿ. ಅಪಘಾತವಾದ ದಿನ ಇನ್ಶೂರೆನ್ಸ್ ಸರ್ವೇಯರ್ ಬಂದು ಗಾಡಿಯ ಕೆಳಗೆ ಟಾರ್ಚ್ ಹಾಕಿದಾಗ ಎಲ್ಲವೂ ಕಾಣುತ್ತದೆ. ಏನು ಬದಲಿಸಿದರೂ ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ಕೇಳಿ, ವಿಮೆಯವರಿಗೆ ಬರೆದು ತಿಳಿಸಿ.

ಈಗ ಅಕ್ಕನ ಮಗನ ಗಾಡಿಗೆ ಬರುತ್ತೇನೆ. ಅವನ ಟರ್ಬೊ ಎಂಜಿನ್ನಿನ ಸ್ವಭಾವ ನನ್ನ ಆರ್‌ಎಕ್ಸಿಗೆ ಪೂರಾ ಉಲ್ಟಾ. 210 ನ್ಯೂಟನ್ ಮೀಟರಿನ ಅದರ ಎಳೆತ 1,750 ಸುತ್ತಿಗೇ ಪೂರ್ತಿ ಸಿಕ್ಕಿ, 4,600ರವರೆಗೂ ಹಾಗೇ ನಿಲ್ಲುತ್ತದೆ. ದೋಸೆ ಕಾವಲಿಯ ಹಾಗೆ ಸಪಾಟು. ಮೂರನೇ ಗೇರಿನಲ್ಲಿ ಬಿಟ್ಟರೂ ಎಳೆಯುತ್ತದೆ, ನಾಲ್ಕರಲ್ಲಿ ಬಿಟ್ಟರೂ ಎಳೆಯುತ್ತದೆ. ಇಂಥ ಎಂಜಿನ್ನಿಗೆ ಐದೇ ಗೇರು ಇರುವುದು ದೊಡ್ಡ ಕೊರತೆಯೇ ಅಲ್ಲ. ಆರನೇ ಗೇರಿನಿಂದ ಸಿಗುವುದು ಹೆದ್ದಾರಿಯಲ್ಲಿ ಒಂದಿಷ್ಟು ಕಡಿಮೆ ಸುತ್ತು, ಒಂದಿಷ್ಟು ನೆಮ್ಮದಿ.

ಅದಕ್ಕೆ ಕೊಡಬೇಕಾದ ಬೆಲೆ ಏನು? ಅದೇ ತಳಹದಿಯ ಮೇಲೆ ಯುರೋಪಿನಲ್ಲಿ ತಯಾರಾದ ಸೆಯಾಟ್ ಲಿಯೋನ್ ಕುಪ್ರಾ ಆರ್‌ನಂಥ ಗಾಡಿಗಳಲ್ಲಿ ಆರು ಗೇರಿನ ಬಾಕ್ಸ್ ಇತ್ತು. ಸಂಬಂಧ ಮನೆಯೊಳಗಿನದೇ, ಸುಳ್ಳಲ್ಲ. ಆದರೆ ಸೆಯಾಟಿನವರು ಇಲ್ಲಿಗೆ ಬರಲೇ ಇಲ್ಲ. ಬಾಕ್ಸ್ ಒಂದನ್ನೇ ತರಿಸಿದರೆ ಸಾಲದು. ಅದಕ್ಕೆ ಹೊಂದುವ ಫ್ಲೈವೀಲ್, ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಸ್ಟಾರ್ಟರ್ ಮೋಟರ್, ಬಾಕ್ಸನ್ನು ಹಿಡಿದು ನಿಲ್ಲಿಸುವ ಮೌಂಟುಗಳು, ಚಕ್ರಕ್ಕೆ ಬಲ ಒಯ್ಯುವ ಡ್ರೈವ್‌ಶಾಫ್ಟುಗಳು, ಗೇರ್ ಲಿವರಿನಿಂದ ಬರುವ ಕೇಬಲ್ಲುಗಳು ಎಲ್ಲವೂ ಹಿಂದೆಯೇ ಬರಬೇಕು. ಒಂದು ಸಣ್ಣ ಬ್ರ್ಯಾಕೆಟ್ ತಪ್ಪಿಹೋದರೂ ಗಾಡಿ ತಿಂಗಳುಗಟ್ಟಲೆ ಸ್ಟ್ಯಾಂಡಿನ ಮೇಲೆ. ಬೇರೆ ದೇಶದ ಯಾವುದೋ ಗುಜರಿ ಅಂಗಳದಲ್ಲಿ ಬಿಚ್ಚಿದ ಬಾಕ್ಸಿನ ಒಳಗೆ, ಗೇರು ಬೀಳುವ ಮುನ್ನ ವೇಗ ಹೊಂದಿಸುವ ಸಿಂಕ್ರೋ ರಿಂಗು ಎಷ್ಟು ಸವೆದಿದೆ ಎಂದು ಬಿಚ್ಚದೆ ಹೇಳಬಲ್ಲವರು ಯಾರು? ಸವೆದದ್ದನ್ನು ತೆಗೆದು ಸವೆದದ್ದನ್ನೇ ಹಾಕಿದಂತಾಗುತ್ತದೆ.

ಕಾಗದದ ಮೇಲೆ ಒಂದು ಲೆಕ್ಕ ಬರೆದು ತೋರಿಸಿದೆ. ಅವನು ವರ್ಷಕ್ಕೆ ಈ ಗಾಡಿಯನ್ನು ಓಡಿಸುವುದು ಸುಮಾರು 4,000 ಕಿಲೋಮೀಟರ್. ಲೀಟರಿಗೆ 12 ಕಿಲೋಮೀಟರ್ ಎಂದರೆ 333 ಲೀಟರ್ ಪೆಟ್ರೋಲು. ಅರ್ಧ ಓಡಾಟ ಹೆದ್ದಾರಿಯಲ್ಲಿ ಎಂದಿಟ್ಟುಕೊಳ್ಳೋಣ. ಆರನೇ ಗೇರು ಅಲ್ಲಿ ನೂರಕ್ಕೆ ಹತ್ತರಷ್ಟು ಉಳಿಸಿತು ಎಂದು ಧಾರಾಳವಾಗಿಯೇ ಲೆಕ್ಕ ಹಿಡಿದರೂ ವರ್ಷಕ್ಕೆ ಉಳಿಯುವುದು 17 ಲೀಟರ್, ಇವತ್ತಿನ ದರದಲ್ಲಿ ಎರಡು ಸಾವಿರ ರೂಪಾಯಿಗೂ ಒಳಗೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮೆರಾಗಳು ಕಣ್ಣಿಟ್ಟು ಕೂತಿವೆ. ಐದನೇ ಗೇರಿನಲ್ಲೇ ಆ ವೇಗಕ್ಕೆ ಎಂಜಿನ್ ಆರಾಮವಾಗಿರುತ್ತದೆ. ಲಕ್ಷಗಟ್ಟಲೆ ಸುರಿದು ಹಾಕಿಸಿದ ಆರನೇ ಗೇರನ್ನು ಅವನು ಎಲ್ಲಿ ಹಾಕುತ್ತಾನೆ?

ಗೇರಿನ ಸಂಖ್ಯೆಯೇ ವೇಗದ ಸುಖ ಎಂದುಕೊಳ್ಳುವುದು ಈಚಿನ ಅಭ್ಯಾಸ. 1982ರಲ್ಲಿ ಇದೇ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಡಾಲ್ಫಿನ್ ಎಂಬ ಪುಟ್ಟ ಕಾರು ತಂದಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್‌ಗ್ಲಾಸಿನ ಮೈ, 848 ಸಿಸಿ ಎಂಜಿನ್, ನಾಲ್ಕು ಗೇರು. ಬೀದಿಯಲ್ಲಿ ಜನ ಪ್ಲಾಸ್ಟಿಕ್ ಕಾರು ಅನ್ನುತ್ತಿದ್ದರು. ಆದರೆ ಶೋಲಾವರಂನ ರೇಸುಗಳಲ್ಲೂ ರ್‍ಯಾಲಿಗಳಲ್ಲೂ ಅದರ ಹೆಸರು ಕೇಳಿಬರುತ್ತಿತ್ತು, ಮೈ ಹಗುರ ಎಂಬ ಒಂದೇ ಕಾರಣಕ್ಕೆ. ಮರುವರ್ಷ ಮಾರುತಿ 800 ಬಂತು, ಡಾಲ್ಫಿನ್ ಮರೆಯಾಯಿತು. ನಮ್ಮ ಊರಿನಲ್ಲಿ ಹುಟ್ಟಿದ ಆ ಕಾರನ್ನು ಉಳಿಸಿಕೊಂಡವರು ಈಗ ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಸರಿ, ಹೊಸ ಗಾಡಿ? ಅದರ ಪರವಾಗಿಯೂ ಹೇಳಬೇಕಾದದ್ದು ಬಹಳವಿದೆ.

ಅವನ ಗಾಡಿಯ ನೇರ ವಾರಸುದಾರ ಎಂದರೆ 2025ರ ಅಕ್ಟೋಬರಿನಲ್ಲಿ ಬಂದ ಹೊಸ ಆಕ್ಟೇವಿಯಾ ಆರ್‌ಎಸ್. 265 ಪಿಎಸ್, ಏಳು ಗೇರಿನ ಡಿಎಸ್‌ಜಿ. ಬಂದಾಗ ಶೋರೂಂ ಬೆಲೆ 49.99 ಲಕ್ಷ. ದೇಶಕ್ಕೆಲ್ಲ ತರಿಸಿದ್ದು ನೂರೇ ನೂರು. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 18, ಅಂದರೆ ತೆರಿಗೆಯೇ ಹತ್ತಿರ ಹತ್ತಿರ 9 ಲಕ್ಷ. ಆ ತೆರಿಗೆಯ ದುಡ್ಡಿಗೆ ಅವನ ಹಳೆಯ ಗಾಡಿಯಂಥವು ಒಂದಕ್ಕಿಂತ ಹೆಚ್ಚು ಬರುತ್ತವೆ. ಆ ಮಾತು ಅಲ್ಲಿಗೆ ಬಿಡೋಣ.

ಕೈಗೆಟಕುವುದೆಂದರೆ 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್‌ಗಳ 1.5 ಲೀಟರ್ ಟರ್ಬೊ. ಕುತೂಹಲದ ಸಂಗತಿ ನೋಡಿ, ಅವುಗಳ ಶಕ್ತಿಯೂ 150 ಪಿಎಸ್. ಇಪ್ಪತ್ತು ವರ್ಷದ ಹಿಂದಿನ ಆರ್‌ಎಸ್‌ನಷ್ಟೇ. ಎಳೆತ 250 ನ್ಯೂಟನ್ ಮೀಟರ್, ಇನ್ನಷ್ಟು ಬೇಗ ಸಿಗುತ್ತದೆ, ಪೆಟ್ರೋಲೂ ಕಡಿಮೆ ಕುಡಿಯುತ್ತದೆ. 2023ರ ಏಪ್ರಿಲಿನಲ್ಲಿ ಗ್ಲೋಬಲ್ ಎನ್‌ಸಿಎಪಿ ಪ್ರಕಟಿಸಿದ ಡಿಕ್ಕಿ ಪರೀಕ್ಷೆಯ ಫಲಿತಾಂಶದಲ್ಲಿ ಎರಡಕ್ಕೂ ಐದು ನಕ್ಷತ್ರ ಸಿಕ್ಕಿತು, ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ. ಹಳೆಯ ಗಾಡಿಯನ್ನು ಎಷ್ಟೇ ಪ್ರೀತಿಸಿದರೂ ಈ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಯಾವ ಗ್ಯಾರೇಜಿನಲ್ಲೂ ಹಳೆಯ ಬಾಡಿಗೆ ಹೊಸ ಬಲ ತುಂಬಿಸಿಕೊಡುವುದಿಲ್ಲ. ಎಳೆ ಮಗುವನ್ನು ಕೂರಿಸಿಕೊಂಡು ದಿನಾ ಹೆದ್ದಾರಿಯಲ್ಲಿ ಓಡಾಡಬೇಕಾದವರು ನನ್ನನ್ನು ಕೇಳಿದರೆ, ಗೇರ್‌ಬಾಕ್ಸಿನ ಮಾತೇ ಎತ್ತದೆ ಹೊಸ ಗಾಡಿ ತಗೊಳ್ಳಿ ಎನ್ನುತ್ತೇನೆ.

ಡಿಎಸ್‌ಜಿ ಎಂಬ ಆ ಹೊಸ ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೇಳಲೇಬೇಕು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ ಮೊದಲು ಬಂದ ಈ ವಿದ್ಯೆ ನಿಜಕ್ಕೂ ಸೊಗಸು. ಒಂದರ ಬದಲು ಎರಡು ಕ್ಲಚ್ಚು. ಒಂದು ಕ್ಲಚ್ಚಿನ ಕೈಯಲ್ಲಿ 1, 3, 5, 7ನೇ ಗೇರು, ಇನ್ನೊಂದರ ಕೈಯಲ್ಲಿ 2, 4, 6. ನೀವು ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕೂತಿರುತ್ತದೆ. ಬಾವಿಕಟ್ಟೆಯಲ್ಲಿ ಇಬ್ಬರು ಕೊಡ ದಾಟಿಸಿದ ಹಾಗೆ, ಒಬ್ಬರು ಬಿಡುವಷ್ಟರಲ್ಲಿ ಇನ್ನೊಬ್ಬರ ಕೈ ಹಿಡಿದಾಗಿರುತ್ತದೆ. ಎಳೆತ ಎಲ್ಲೂ ಕಡಿಯುವುದಿಲ್ಲ. ಆದರೆ ಚಿಕ್ಕ ಕಾರುಗಳಲ್ಲಿ ಬರುವ ಏಳು ಗೇರಿನ ಬಾಕ್ಸಿನ ಕ್ಲಚ್ಚುಗಳು ಒಣ ಕ್ಲಚ್ಚುಗಳು. ಎಣ್ಣೆಯಲ್ಲಿ ಮುಳುಗಿ ತಣ್ಣಗಾಗುವ ಭಾಗ್ಯ ಅವಕ್ಕಿಲ್ಲ. ಆ ಬಾಕ್ಸಿನ ತಾಳಿಕೆ 250 ನ್ಯೂಟನ್ ಮೀಟರ್. 2016ರಲ್ಲಿ ಇಲ್ಲಿಗೆ ಬಂದ ಪೋಲೊ ಜಿಟಿಐ ಇದಕ್ಕೆ ಸಾಕ್ಷಿ. ಯುರೋಪಿನಲ್ಲಿ ಅದೇ ಎಂಜಿನ್ ಮ್ಯಾನುಯಲ್ ಗೇರಿನ ಜೊತೆ 320 ನ್ಯೂಟನ್ ಮೀಟರ್ ಕೊಡುತ್ತಿದ್ದರೆ, ಡಿಎಸ್‌ಜಿ ಜೊತೆ ಬಂದದ್ದನ್ನು 250ಕ್ಕೆ ಕಟ್ಟಿಹಾಕಿದ್ದರು. ಪೆಟ್ಟಿಗೆ ತಾಳುವಷ್ಟೇ ಎಂಜಿನ್ ಎಳೆಯಬೇಕು. 2013ರಲ್ಲಿ ಇದೇ ಏಳು ಗೇರಿನ ಬಾಕ್ಸಿನ ಎಣ್ಣೆ ಬದಲಿಸಲು ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳನ್ನು ವಾಪಸು ಕರೆಸಿಕೊಂಡಿತ್ತು.

ಒಣ ಕ್ಲಚ್ಚಿನ ದೊಡ್ಡ ಶತ್ರು ತೆವಳುವ ಟ್ರಾಫಿಕ್ಕು. ಸಿಲ್ಕ್ ಬೋರ್ಡಿನ ಕಡೆಗೆ ಸಂಜೆ ಏಳಕ್ಕೆ ಒಮ್ಮೆ ಹೋಗಿ ನೋಡಿ. ಹತ್ತಡಿ ಮುಂದೆ, ಬ್ರೇಕು, ಮತ್ತೆ ಹತ್ತಡಿ. ಆ ಹತ್ತಡಿಗೆಲ್ಲ ಕ್ಲಚ್ಚು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತದೆ. ಮ್ಯಾನುಯಲ್ ಗಾಡಿಯಲ್ಲಿ ನಾವು ಹಾಫ್ ಕ್ಲಚ್ಚಿನಲ್ಲಿ ಮಾಡುವ ಪಾಪವನ್ನೇ ಅಲ್ಲಿ ಕಂಪ್ಯೂಟರ್ ಮಾಡುತ್ತದೆ. ಬರಿ ಈ ಟ್ರಾಫಿಕ್ಕಿಗಾಗಿಯೇ ಕ್ಲಚ್ಚಿಲ್ಲದ ಗಾಡಿ ಬೇಕೆನ್ನುವವರಿಗೆ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಹೆಚ್ಚು ಹೊಂದುತ್ತದೆ. ಅಲ್ಲಿ ಬಲ ದಾಟುವುದು ಎಣ್ಣೆಯ ಮೂಲಕ, ಉಜ್ಜಾಟ ಕಡಿಮೆ. ಸ್ಲಾವಿಯಾ, ವರ್ಟಸ್‌ಗಳ 1.0 ಲೀಟರಿನಲ್ಲಿ ಆರು ಗೇರಿನ ಅಂಥ ಬಾಕ್ಸ್ ಬಂತು.

ಇಷ್ಟಾದ ಮೇಲೆ ಅವನನ್ನು ಒಂದು ಮಾತು ಕೇಳಿದೆ. “ಆಫೀಸಿಗೆ ಈಗ ಯಾತರಲ್ಲಿ ಹೋಗ್ತೀಯಪ್ಪ?” ರಾಗಿಗುಡ್ಡದಲ್ಲಿ ಮೆಟ್ರೊ ಹತ್ತುತ್ತಾನಂತೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಗಾಡಿ ತೆಗೆದೇ ಇಲ್ಲ. ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ಎಲ್ಲವನ್ನೂ ಮೇಲಿನಿಂದಲೇ ದಾಟುತ್ತಾನೆ. ಅಂದ ಮೇಲೆ ಟ್ರಾಫಿಕ್ಕಿನ ಕಷ್ಟಕ್ಕೆಂದು ಹೊಸ ಗೇರ್‌ಬಾಕ್ಸಿನ ಗಾಡಿ ಕೊಳ್ಳುವ ಕಾರಣವೇ ಉಳಿಯಲಿಲ್ಲ. ಈ ಗಾಡಿ ಭಾನುವಾರದ್ದು. ಮುಂಜಾನೆ ಆರಕ್ಕೆ ಕನಕಪುರ ರಸ್ತೆಗೆ, ಅಪರೂಪಕ್ಕೆ ಸಕಲೇಶಪುರಕ್ಕೆ. ಭಾನುವಾರದ ಗಾಡಿಯಲ್ಲಿ ಕೈಯಲ್ಲೇ ಗೇರು ಹಾಕುವುದು ಕಷ್ಟವಲ್ಲ, ಅದೇ ಅದರ ಸುಖ.

ನನ್ನ ತೀರ್ಮಾನ ಹೇಳಿದೆ. ಆರನೇ ಗೇರು ಬೇಡ, ಹೊಸ ಗಾಡಿಯೂ ಬೇಡ, ಇರುವ ಬಾಕ್ಸನ್ನೇ ಇಳಿಸಿ ಪೂರ್ತಿ ರಿಪೇರಿ ಮಾಡಿಸು.

ಬನಶಂಕರಿ ಎರಡನೇ ಹಂತದ ಗ್ಯಾರೇಜೊಂದರಲ್ಲಿ ಬಾಕ್ಸ್ ಇಳಿಸಿದ ದಿನ ನಾನೂ ಹೋಗಿದ್ದೆ. ಮೆಕ್ಯಾನಿಕ್ ಮೊದಲು ಎಣ್ಣೆಯನ್ನು ಅಗಲ ತಟ್ಟೆಗೆ ಬಸಿದು, ಬಿಸಿಲಿಗೆ ಹಿಡಿದು ಓರೆ ಮಾಡಿದರು. ಕಪ್ಪು ಎಣ್ಣೆಯಲ್ಲಿ ಚಿನ್ನದ ಪುಡಿಯಂಥ ಮಿನುಗು. “ಹಿತ್ತಾಳೆ ಸಾರ್, ಸಿಂಕ್ರೋ ರಿಂಗು ಕರಗಿ ಬಂದಿರೋದು” ಎಂದರು. ಬಾಕ್ಸ್ ಬಿಚ್ಚಿ ಎರಡನೇ ಗೇರಿನ ಆ ರಿಂಗನ್ನು ನನ್ನ ಅಂಗೈ ಮೇಲಿಟ್ಟರು. ಬಳೆಯಷ್ಟು ಅಗಲ. ಹೊರಗೆ ಸಣ್ಣ ಹಲ್ಲು, ಒಳಗೆ ಕೂದಲೆಳೆಯಂಥ ಗೀರುಗಳು ಇರಬೇಕಿತ್ತು. ಹೊಸದನ್ನು ಪಕ್ಕದಲ್ಲಿಟ್ಟು ಉಗುರಿನಿಂದ ಸವರಿದರೆ ಗರಗಸದ ಹಾಗೆ ಗೀರು ತಾಗುತ್ತಿತ್ತು. ಹಳೆಯದು ನುಣುಪು, ಉಗುರು ಜಾರುತ್ತಿತ್ತು.

ಆ ಗೀರುಗಳ ಕೆಲಸ ಇಷ್ಟೇ. ಗೇರು ಬೀಳುವ ಮುನ್ನ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳ ನಡುವಿನ ಎಣ್ಣೆಯ ಪದರವನ್ನು ಕತ್ತರಿಸಿ, ಉಜ್ಜಿ, ಇಬ್ಬರನ್ನೂ ಒಂದೇ ವೇಗಕ್ಕೆ ತರುವುದು. ಹಳೆಯ ಲಾರಿಗಳಲ್ಲಿ ಈ ರಿಂಗಿನ ಕೆಲಸವನ್ನು ಡ್ರೈವರೇ ಡಬಲ್ ಕ್ಲಚ್ ತುಳಿದು ಮಾಡುತ್ತಿದ್ದ. ಗೀರು ಸವೆದರೆ ವೇಗ ಹೊಂದುವುದಿಲ್ಲ, ಹೊಂದುವ ಮೊದಲೇ ಹಲ್ಲಿಗೆ ಹಲ್ಲು ತಾಗುತ್ತದೆ. ನಮಗೆ ಕೇಳುವ ‘ಕರಕ್’ ಅದೇ. ಎರಡನೇ ಗೇರೇ ಮೊದಲು ಯಾಕೆ ಹೋಗುತ್ತದೆ ಎಂದು ಕೇಳಿದೆ. “ನಮ್ಮೂರಲ್ಲಿ ಹಂಪ್‌ಗೊಂದು ಸೆಕೆಂಡು, ತಿರುವಿಗೊಂದು ಸೆಕೆಂಡು. ಟಾಪ್ ಗೇರು ಹೊಚ್ಚ ಹೊಸದಾಗೇ ಇರುತ್ತೆ ನೋಡಿ” ಎಂದು ಐದನೇ ಗೇರಿನ ಚಕ್ರ ತೋರಿಸಿದರು. ನಿಜ, ಅದರ ಹಲ್ಲುಗಳು ಇನ್ನೂ ಹೊಳೆಯುತ್ತಿದ್ದವು.

ರಿಂಗುಗಳು, ಬೇರಿಂಗುಗಳು, ಆಯಿಲ್ ಸೀಲುಗಳು, ಬಾಕ್ಸ್ ಹೇಗೂ ಇಳಿದಿದೆ ಎಂದು ಕ್ಲಚ್ ಸೆಟ್ಟು ಮತ್ತು ರಿಲೀಸ್ ಬೇರಿಂಗು. ಕೂಲಿ ಸೇರಿ ಬಿಲ್ಲು ಒಂದೂಕಾಲು ಲಕ್ಷದ ಹತ್ತಿರ ಬಂತು. ಕಡಿಮೆ ದುಡ್ಡಲ್ಲ. ಆರು ಗೇರಿನ ಕನಸಿಗೆ ಅವನಿಗೆ ಸಿಕ್ಕಿದ್ದ ಅಂದಾಜು ಇದರ ನಾಲ್ಕು ಪಟ್ಟಿತ್ತು.

ಹಳೆಯ ಗಾಡಿ ಉಳಿಸಿಕೊಳ್ಳುವವರು ಲೆಕ್ಕಕ್ಕೆ ಹಿಡಿಯಬೇಕಾದ ಬೇರೆ ಖರ್ಚುಗಳೂ ಇವೆ. ದೆಹಲಿಯಲ್ಲಿರುವಂತೆ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ನಮ್ಮಲ್ಲಿ ವಯಸ್ಸಿನ ನಿಷೇಧವಿಲ್ಲ. ಆದರೆ ಹದಿನೈದು ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಫಿಟ್ನೆಸ್ ತೋರಿಸಿ ಆರ್‌ಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಿಂದ ಕಾರಿಗೆ 600ರಿಂದ 5,000 ರೂಪಾಯಿಗೆ ಏರಿತು, ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000. ಇನ್ನು ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು ನೆನೆದು ಇಷ್ಟು ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ಮಾಡಿದ್ದಲ್ಲ. ಗೇರ್‌ಬಾಕ್ಸಿಗೆ ಕೈ ಹಾಕಿದಾಗಲೇ ಪೆಟ್ರೋಲ್ ಪೈಪುಗಳನ್ನೂ ನೋಡಿಸಿಬಿಡಿ. ಬಿರುಕು ಬಿಟ್ಟ ಪೈಪು ಬಿಸಿ ಎಂಜಿನ್ನಿನ ಪಕ್ಕದಲ್ಲಿರುವುದು ಆಟದ ಮಾತಲ್ಲ. ಬಾಡಿ ಕೆಳಗಿನಿಂದ ತುಕ್ಕು ಹಿಡಿದಿದ್ದರೆ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಗೇರ್‌ಬಾಕ್ಸಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅಂಥ ಗಾಡಿಯನ್ನು ಗೌರವದಿಂದ ಬೀಳ್ಕೊಡುವುದೇ ಸರಿ.

ಅವನ ಗಾಡಿಯ ಬಾಡಿಯೂ ಎಂಜಿನ್ನೂ ಗಟ್ಟಿಯಿದ್ದವು. ಹಾಗಾಗಿ ರಿಪೇರಿ ಸಾರ್ಥಕವಾಯಿತು. ಒಂಬತ್ತನೇ ದಿನ ಬೆಳಿಗ್ಗೆ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಅದೇ ಸೌತ್ ಎಂಡ್ ಸರ್ಕಲ್ಲಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿದ. ಸದ್ದಿಲ್ಲ. ಎರಡೇ ಬೆರಳಿಗೆ, ಬೆಣ್ಣೆಯೊಳಗೆ ಚಮಚ ಇಳಿದ ಹಾಗೆ ಗೇರು ಬಿತ್ತು. ಅವನು ನನ್ನ ಕಡೆ ನೋಡಿ ನಕ್ಕು, ಸುಮ್ಮನೆ ಇನ್ನೊಮ್ಮೆ ಹಾಕಿದ.

ಹಳೆಯ ಮ್ಯಾನುಯಲ್ ಗಾಡಿ ಇಟ್ಟುಕೊಂಡಿರುವ ನಿಮ್ಮಲ್ಲಿ ನನ್ನದೊಂದು ವಿನಂತಿ. ಗಾಡಿ ಕೊಂಡ ಮೇಲೆ ಗೇರ್ ಆಯಿಲ್ ಬದಲಿಸಿದ್ದು ಯಾವಾಗ ಎಂದು ಇವತ್ತೇ ಬಿಲ್ಲು ಹುಡುಕಿ ನೋಡಿ. ಎಂಜಿನ್ ಆಯಿಲ್ ನೆನಪಿರುವವರಿಗೂ ಇದು ನೆನಪಿರುವುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿಸಿ. ಅಲ್ಲಿ ಜಿಎಲ್-4 ಎಂದಿದ್ದರೆ, ಅಂಗಡಿಯವರು ಇದೂ ಒಳ್ಳೇದೇ ಎಂದು ಜಿಎಲ್-5 ಕೊಟ್ಟರೆ ತಗೊಳ್ಳಬೇಡಿ, ಹಿತ್ತಾಳೆಯ ರಿಂಗುಗಳಿಗೆ ಅದು ಆಗಿಬರುವುದಿಲ್ಲ. ಗಾಡಿ ಓಡುವಾಗ ಗೇರ್ ಲಿವರಿನ ಮೇಲೆ ಕೈ ಊರಿ ಕೂರಬೇಡಿ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕ್ಲಚ್ಚಿನಿಂದ ಕಾಲು ತೆಗೆಯಿರಿ. ‘ಕರಕ್’ ಅಂತ ಮೊದಲ ಸಲ ಕೇಳಿದ ವಾರವೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ, ಆಗ ರಿಂಗು ಮಾತ್ರ ಹೋಗಿರುತ್ತದೆ, ಗೇರಿನ ಹಲ್ಲು ಇನ್ನೂ ಉಳಿದಿರುತ್ತದೆ.